ಸಪ್ಪಳ ಹುಡುಕಿದವನಿಗೂ ಮಜೂರಿ ಸಲ್ಲಬೇಕು

ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆಯ ಕಡೆಗಾಗಲಿ, ಕಾರವಾರ ರಸ್ತೆಯ ಕಡೆಗಾಗಲಿ ಹಳೆಯ ಕಾರೊಂದನ್ನು ಗ್ಯಾರೇಜಿಗೆ ಒಯ್ದು, ಇಂಜಿನ್ನಿನ ಕೆಳಗಿನಿಂದ ಟಕ್ ಟಕ್ ಎಂದು ಸಪ್ಪಳ ಬರುತ್ತಿದೆಯೆಂದು ಹೇಳಿ ನೋಡಿ. "ಇಂಜಿನ್ ಬೋರಿಗೆ ಬಂದೈತ್ರಿ ಸಾಹೇಬ್ರ, ಇಳಿಸಬೇಕಾಗತೈತಿ" ಎಂಬ ತೀರ್ಪು (ಸಿಲಿಂಡರ್ ಸವೆದಿದೆ, ಇಂಜಿನ್ ಹೊರತೆಗೆದು ಬಿಚ್ಚಬೇಕು ಎಂದು ಅರ್ಥ) ಹೆಚ್ಚಿನ ಕಡೆ ಬಾನೆಟ್ ಪೂರ್ತಿ ಮೇಲೇಳುವ ಮೊದಲೇ ಬಂದಿರುತ್ತದೆ. ಇದಕ್ಕಾಗಿ ಮಿಸ್ತ್ರಿಗಳನ್ನು ಬೈಯುವವರು ಬಹಳ ಮಂದಿ ಇದ್ದಾರೆ. ನನ್ನ ತಕರಾರು ಇರುವುದು ರೊಕ್ಕ ಕೊಡುವ ನಮ್ಮ ಮೇಲೆಯೇ. ಬಿಚ್ಚಿದ ನಟ್ಟಿಗೆ, ಬದಲಿಸಿದ ಸಾಮಾನಿಗೆ ನಾವು ಮಜೂರಿ ಕೊಡುತ್ತೇವೆ. ಒಂದು ತಾಸು ಸುಮ್ಮನೆ ನಿಂತು ಸಪ್ಪಳಕ್ಕೆ ಕಿವಿಗೊಟ್ಟವನಿಗೆ ಚಹಾ ಕುಡಿಸಿ ಕಳಿಸುತ್ತೇವೆ. ಹೀಗಿರುವಾಗ ಇಂಜಿನ್ ಇಳಿಸುವ ಮಾತೇ ಮೊದಲು ಬರುವುದು ಸಹಜವೇ ಆಗಿದೆ.

ನಾನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿರುವುದು ಪ್ರೀಮಿಯರ್ ಪದ್ಮಿನಿ ಎಂಬ ಹಳೆಯ ಕಾರು. 1089 ಸಿಸಿಯ, ನಾಲ್ಕು ಸಿಲಿಂಡರಿನ, ಪುಶ್‌ರಾಡ್ ಇಂಜಿನ್. ಬೆಳಿಗ್ಗೆ ಚೋಕ್ ಎಳೆದು ಚಾಲೂ ಮಾಡಿದರೆ ತಕರಾರಿಲ್ಲ. ಇಂಜಿನ್ ಕಾದು ಚೋಕ್ ಒಳಗೆ ಹೋದ ಮೇಲೆ ಐಡಲ್‌ನಲ್ಲಿ (ಆಕ್ಸಲರೇಟರ್ ಒತ್ತದೆ ಇಂಜಿನ್ ನಿಧಾನ ಓಡುವಾಗ) ಕೆಳಗಿನಿಂದ ಭಾರವಾದ ಬಡಿತ ಕೇಳಿಸುತ್ತಿತ್ತು, ರೇಸ್ ಮಾಡಿದರೆ ಮಾಯವಾಗುತ್ತಿತ್ತು. ತೋರಿಸಿದಲ್ಲೆಲ್ಲ ಬಂದ ಉತ್ತರ ಒಂದೇ: ಕಾದಾಗ ಆಯಿಲ್ ತೆಳುವಾಗುತ್ತದೆ, ಬೇರಿಂಗ್ ಸವೆದಿದೆ, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟ್) ತೆಗೆದು ಗ್ರೈಂಡ್ ಮಾಡಿಸಿ. ಕೇಳಲು ತರ್ಕಬದ್ಧವಾಗಿಯೇ ಇದೆ. ಆದರೆ ಒಮ್ಮೆ ಗ್ರೈಂಡ್ ಮಾಡಿದ ಕ್ರ್ಯಾಂಕಿನ ಅಳತೆ ಹಿಂದಕ್ಕೆ ಬರುವುದಿಲ್ಲ; ಮುಂದೆ ಸಣ್ಣದಾದ ಆ ಅಳತೆಗೆ ಹೊಂದುವ ಅಂಡರ್‌ಸೈಜ್ ಬೇರಿಂಗನ್ನೇ ಹುಡುಕಬೇಕು. ಈ ಕಾರಿನ ಸಾಮಾನಿಗೆ ದೊಡ್ಡ ಗಿರಾಕಿಗಳಾಗಿದ್ದ ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದ ಮೇಲೆ, ಹೀಗೆ ಹುಡುಕುವುದು ಸುಲಭವಾಗುವ ಲಕ್ಷಣವೇನೂ ಇಲ್ಲ.

ನಮ್ಮ ಓಣಿಯಲ್ಲಿ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬ ಫಿಟ್ಟರ್ ಇದ್ದಾರೆ. ನಾವು ಕಾಕಾ ಎನ್ನುತ್ತೇವೆ. ಗಾಲಿಗೆ ಸುತ್ತಿಗೆಯಿಂದ ತಟ್ಟಿ, ಹೊರಟ ನಾದದಿಂದಲೇ ಬಿರುಕು ಪತ್ತೆ ಮಾಡುವ ಪದ್ಧತಿ ರೈಲ್ವೆಯಲ್ಲಿ ಹಳೆಯದು. ಕಾಕಾ ಮೊದಲು ಪಾನಾ ಮುಟ್ಟಲಿಲ್ಲ. ಕಾದ ಇಂಜಿನ್ನಿನ ಐಡಲ್ ಸ್ಕ್ರೂ ತುಸು ಬಿಗಿ ಮಾಡಿ ಸುತ್ತು ಏರಿಸಿದರು, ಸಪ್ಪಳ ನಿಂತಿತು. ಅಂದರೆ ಸಪ್ಪಳದ ನಂಟು ಕಾವಿನೊಡನೆ ಇರಲಿಲ್ಲ, ವೇಗದೊಡನೆ ಇತ್ತು. ಬೆಳಿಗ್ಗೆ ಅದು ಕೇಳಿಸದಿದ್ದುದು ಚೋಕಿನಿಂದ ಸುತ್ತು ಹೆಚ್ಚಿರುತ್ತಿದ್ದ ಕಾರಣಕ್ಕೆ. ಪಿಸ್ಟನ್ ಸಡಿಲವಾಗಿ ಗೋಡೆಗೆ ಬಡಿಯುವುದು, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿ ಟ್ಯಾಪೆಟ್ಟಿನಂತೆ ಟಿಕ್‌ಗುಟ್ಟುವುದು ಸಾಮಾನ್ಯವಾಗಿ ತಣ್ಣಗಿರುವಾಗ ಜೋರು, ಕಾದ ಮೇಲೆ ಕಡಿಮೆ. ಹಾಗಾಗಿ ಅವೆರಡನ್ನೂ ಆಗಲೇ ಬದಿಗಿಟ್ಟೆವು.

ನನಗೆ ಬಹಳ ಹಿಡಿಸಿದ್ದು ಟೈಮಿಂಗ್ ಲೈಟಿನ, ಅಂದರೆ ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಮಿನುಗುವ ದೀಪದ, ಲೆಕ್ಕ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ; ಒಂದನೇ ಸಿಲಿಂಡರಿನ ಪ್ಲಗ್ಗಿಗೆ ಕಿಡಿ ಬರುವುದೂ ಎರಡು ಸುತ್ತಿಗೆ ಒಮ್ಮೆ. 800 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಐಡಲ್‌ನಲ್ಲಿ ಆ ಪ್ಲಗ್ಗಿನ ವೈರಿಗೆ ಕಟ್ಟಿದ ಲೈಟು ನಿಮಿಷಕ್ಕೆ 400 ಸಲ ಮಿನುಗುತ್ತದೆ. ಒಂದು ಮಿನುಗಿಗೆ ಒಂದೇ ಬಡಿತವಾದರೆ ವಾಲ್ವ್, ಟ್ಯಾಪೆಟ್, ಪೆಟ್ರೋಲ್ ಪಂಪಿನ ಆರ್ಮ್ ಹೀಗೆ ಕ್ಯಾಮಿನ ಕಡೆಯ ಭಾಗಗಳನ್ನು ಶಂಕಿಸಬೇಕು. ಎರಡು ಬಡಿತವಾದರೆ ಕ್ರ್ಯಾಂಕಿನ ಕಡೆಯವನ್ನು. ನಮ್ಮದರಲ್ಲಿ ಎರಡು ಬಡಿತ ಕೇಳಿಸಿದಾಗ ಗ್ಯಾರೇಜಿನವರ ಮಾತೇ ನಿಜವೇನೋ ಎಂದು ನನ್ನ ಮುಖ ಸಣ್ಣದಾಯಿತು. ಕಾಕಾ ಒಂದೊಂದೇ ಪ್ಲಗ್ಗಿನ ವೈರ್ ತೆಗೆದು ಇಂಜಿನ್ನಿನ ಲೋಹಕ್ಕೆ ತಾಗಿಸಿ ಅರ್ಥ್ ಮಾಡಿದರು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದರೆ ಆ ಸಿಲಿಂಡರಿನ ಹೊಡೆತ ನಿಂತಾಗ ಸಪ್ಪಳ ತಗ್ಗಬೇಕು. ಯಾವ ವೈರ್ ತೆಗೆದರೂ ಏನೂ ಬದಲಾಗಲಿಲ್ಲ. (ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿನಲ್ಲಿ ಹೀಗೆ ವೈರ್ ಕಿತ್ತು ನೋಡಬೇಡಿ, ಕಾಯಿಲ್ ಸುಡಬಹುದು.) ಆಯಿಲ್ ಸ್ವಿಚ್ ತೆಗೆದು ಆ ಜಾಗದಲ್ಲಿ ಗೇಜ್ ಕೂರಿಸಿ ನೋಡಿದಾಗ ಆಯಿಲ್ ಒತ್ತಡವೂ ಸರಿಯಾಗಿತ್ತು; ಹಾಗಾಗಿ ಬೇರಿಂಗಿನ ಮೇಲಿನ ಸಂಶಯ ತಗ್ಗಿತು. ಡ್ಯಾಶ್‌ಬೋರ್ಡಿನ ಆಯಿಲ್‌ನ ಕೆಂಪು ದೀಪ ಆರಿದ ಮಾತ್ರಕ್ಕೆ ಒತ್ತಡ ಸರಿ ಇದೆಯೆಂದು ಅರ್ಥವಲ್ಲ. ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಇರಬೇಕೆಂಬುದು ಹಳೆಯ ಇಂಜಿನ್ನುಗಳ ಅಂದಾಜು ಲೆಕ್ಕ.

ಕಡೆಗೆ ಕ್ರ್ಯಾಂಕಿನ ತುದಿಯ ಪುಲ್ಲಿಯಿಂದ ಓಡುವ ಫ್ಯಾನ್ ಬೆಲ್ಟ್ ಕಳಚಿ, ವಾಟರ್ ಪಂಪ್ ತಿರುಗುವುದಿಲ್ಲವಾದ್ದರಿಂದ ಅರೆಗಳಿಗೆ ಮಾತ್ರ, ಇಂಜಿನ್ ಓಡಿಸಿದೆವು. ಬಡಿತದ ದನಿಯೇ ಬದಲಾಯಿತು. ಇಂಜಿನ್ ಆರಿಸಿ ಕ್ರ್ಯಾಂಕಿನ ಪುಲ್ಲಿಯನ್ನು ಕೈಯಿಂದ ಅತ್ತಿತ್ತ ತಿರುಗಿಸಿದಾಗ ಅದು ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಆಡುತ್ತಿತ್ತು. ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಒಳಗಿನ ಲೋಹದ ತುಂಡು, ಅಂದರೆ ಕೀ, ಸವೆದಿತ್ತು. ಐಡಲ್‌ನಲ್ಲಿ ಕ್ರ್ಯಾಂಕ್ ಒಂದೊಂದು ಹೊಡೆತಕ್ಕೂ ಜಗ್ಗಿ ಜಗ್ಗಿ ತಿರುಗುವುದರಿಂದ ಸಡಿಲ ಪುಲ್ಲಿ ಬಡಿಯುತ್ತದೆ. ವೇಗ ಏರಿದಾಗ ಓಟ ಸಮವಾಗಿ ಅದು ಸುಮ್ಮನಾಗುತ್ತದೆ. ಲೇತ್ ಅಂಗಡಿಯವರು ಹೊಸ ಕೀ ಮಾಡಿಕೊಟ್ಟರು, ನಟ್ಟು ಬಿಗಿದೆವು, ಸಪ್ಪಳ ಹೋಯಿತು. ತಗಲಿದ ಖರ್ಚು ಒಂದು ಗ್ಯಾಸ್ಕೆಟ್ ಸೆಟ್ಟಿನ ಬೆಲೆಯನ್ನೂ ಮುಟ್ಟಲಿಲ್ಲ.

ನಾನು ರೊಕ್ಕ ಕೊಡಲು ಹೋದಾಗ ಕಾಕಾ, "ಏನ್ ಮಾಡೀನಿ ಅಂತ ಕೊಡ್ತೀಯೋ ತಮ್ಮಾ, ಬರೇ ಕೇಳೀನಿ" ಎಂದರು. ಅವರು ದೊಡ್ಡ ಮನಸ್ಸಿನಿಂದ ಹೇಳಿದ ಈ ಮಾತನ್ನೇ ನಾವು ಗ್ಯಾರೇಜಿನಲ್ಲಿ ಜಿಪುಣತನದಿಂದ ಹೇಳುತ್ತೇವೆ: "ಬರೇ ಕೇಳಿದ್ದಕ್ಕ ಇಷ್ಟ್ಯಾಕ?" ಹೊಸ ಕಾರಿಗೆ ಸ್ಕ್ಯಾನರ್ ಹಚ್ಚಿ ಬಿಲ್ ಕೊಟ್ಟರೆ ತುಟಿ ಬಿಚ್ಚದೆ ಕಟ್ಟುವವರೂ ನಾವೇ. ಹೊಸ ಕಾರಿನ ನಾಕ್ ಸೆನ್ಸರ್ ಇರುವುದು ಪೆಟ್ರೋಲ್ ಹೊತ್ತಿ ಉರಿಯುವಾಗಿನ ಬಡಿತವನ್ನು ಗ್ರಹಿಸಿ ಟೈಮಿಂಗ್ ಹಿಂದಿಡಲು, ಅಂದರೆ ಕಿಡಿಯನ್ನು ತುಸು ತಡಮಾಡಲು. ಪುಲ್ಲಿಯ ಕೀ ಸವೆದಿದೆಯೆಂದು ಅದು ಹೇಳಲಾರದು.

ಇಂಜಿನ್ ಇಳಿಸಲೇಬೇಕಾದ ಸಂದರ್ಭಗಳೂ ಇವೆ. ಆಯಿಲ್ ಒತ್ತಡ ಬಿದ್ದಿದ್ದರೆ, ಪ್ಲಗ್ ಅರ್ಥ್ ಮಾಡಿದಾಗ ಬಡಿತ ತಗ್ಗಿದರೆ, ತೆಗೆದ ಆಯಿಲ್‌ನಲ್ಲಿ ಲೋಹದ ಪುಡಿ ಹೊಳೆದರೆ ಗಾಡಿಯನ್ನು ಗ್ಯಾರೇಜಿನ ತನಕವೂ ಓಡಿಸದೆ ಎಳೆಸಿಕೊಂಡು ಹೋಗಬೇಕು. ಆದರೆ ಆ ನಿರ್ಣಯ ಇಷ್ಟೆಲ್ಲ ನೋಡಿದ ಮೇಲೆ ಬರಬೇಕು, ನೋಡಿದ್ದಕ್ಕೆ ಹಣವೂ ಸಲ್ಲಬೇಕು. ದೋಷ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ.

ಈಗ ನನ್ನ ಪದ್ಮಿನಿಯಲ್ಲಿ ಕ್ಲಚ್ ಪೆಡಲ್ ಒತ್ತಿದಾಗ ಮಾತ್ರ ಒಂದು ಕಿರ್ರೆನ್ನುವ ಸಪ್ಪಳವಿದೆ. ಪೆಡಲ್ ಬಿಟ್ಟಾಗ ಬಂದಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗಿನ ಮೇಲೆ ಸಂಶಯ ಪಡಬಹುದಿತ್ತು; ಒತ್ತಿದಾಗ ಬರುವುದರಿಂದ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಇರಬಹುದೆಂದು ನನ್ನ ಊಹೆ. ಖಾತ್ರಿ ಮಾಡಿಕೊಳ್ಳಲು ಪರಿಚಯದ ಮಿಸ್ತ್ರಿಯೊಬ್ಬರ ಬಳಿ ಹೋಗಿ, ಏನನ್ನೂ ಬಿಚ್ಚದೆ ಹುಡುಕಿಕೊಡಲು ತಾಸಿಗೆ ಎಷ್ಟೆಂದು ಕೇಳಿದೆ. ಅವರು ನಕ್ಕರು, ಆಮೇಲೆ ದರ ಹೇಳಿದರು. ರವಿವಾರ ಗಾಡಿ ಒಯ್ಯುತ್ತಿದ್ದೇನೆ.