ಆಂಬುಲೆನ್ಸಿನಲ್ಲಿ ಫಸ್ಟ್ ಏಡ್ ಬಾಕ್ಸ್ ಇದೆಯಾ?

ಊರಿನ ಯುವಕ ಸಂಘವೊಂದು ಮನೆಮನೆ ಚಂದಾ ಎತ್ತಿ, ಗಲ್ಫಿನಲ್ಲಿರುವ ಊರಿನವರಿಂದ ಒಂದಿಷ್ಟು ತರಿಸಿಕೊಂಡು, ಉಚಿತ ಆಂಬುಲೆನ್ಸ್ ಓಡಿಸುತ್ತಿದೆ ಎಂದಿಟ್ಟುಕೊಳ್ಳಿ. ಕರಾವಳಿ, ಮಲೆನಾಡಿನ ಕಡೆಯವರಿಗೆ ಇದೇನೂ ಹೊಸತಲ್ಲ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಶುರುವಾದ ಮೇಲೂ ಗುಡ್ಡದಾಚೆಯ ಮನೆಯವರು ಮೊದಲು ಫೋನು ಹಚ್ಚುವುದು ಸಂಘದ ಹುಡುಗರಿಗೇ. ಆ ಗಾಡಿ ಓಡಲು ಇಂಧನ, ಚಾಲಕ, ಆಮ್ಲಜನಕ ಇದ್ದರೆ ಸಾಕು ಎಂದುಕೊಂಡವರು ಇನ್ನೂ ಆರ್‌ಟಿಒ ಮೆಟ್ಟಿಲು ಹತ್ತಿಲ್ಲ ಎಂದರ್ಥ. ಬೇಕಾದದ್ದು ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು.

ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಗಾಡಿ ಗಟ್ಟಿಮುಟ್ಟಾಗಿದೆ ಎಂದು ಕೊಡುವ ಪತ್ರ ಅದು. ಗಾಡಿಗೆ ಎಂಟು ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ನವೀಕರಿಸಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ. ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ ಈ ಲೆಕ್ಕ ಓಡುತ್ತಲೇ ಇರುತ್ತದೆ. ಎಫ್‌ಸಿ ಇಲ್ಲದ ಹೊತ್ತಿನಲ್ಲಿ ಅಪಘಾತವಾದರಂತೂ ವಿಮಾ ಕಂಪನಿಗೆ ಹಬ್ಬ.

ಅರ್ಜಿ ಆನ್‌ಲೈನ್. ಎಲ್ಲವೂ ಸುಲಭ, ಒಟಿಪಿ ಬರುವವರೆಗೆ. ಅದು ಹೋಗುವುದು ಆರ್‌ಸಿ ಮಾಡಿಸಿದಾಗ ಕೊಟ್ಟ ನಂಬರಿಗೆ, ಅಂದರೆ ಹಿಂದಿನ ಕಾರ್ಯದರ್ಶಿಯ ಮೊಬೈಲಿಗೆ. ಅವರು ಈಗ ಕುವೈತಿನಲ್ಲಿ. ನಂಬರು ಬದಲಿಸಬೇಕಾದರೆ ಸಂಘದ ಠರಾವು ಬೇಕು. ಠರಾವಿಗೆ ಸಹಿ ಹಾಕಿದವರು ನಿಜವಾದ ಪದಾಧಿಕಾರಿಗಳೇ ಎನ್ನುವುದಕ್ಕೆ ಸಂಘಗಳ ನೋಂದಣಿ ಕಚೇರಿಗೆ ಕೊಟ್ಟ ಪಟ್ಟಿ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಮಹಾಸಭೆಯಾದ 14 ದಿನದೊಳಗೆ ಆ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸಬೇಕಿತ್ತು. ಸಂಘದವರು ಆ ವಾರ ರೋಗಿಗಳನ್ನು ಸಾಗಿಸುತ್ತಿದ್ದರು. ಹೀಗಾಗಿ ಆಂಬುಲೆನ್ಸಿನ ಬ್ರೇಕ್ ಪರೀಕ್ಷೆ ಆಡಿಟರ ಕಚೇರಿಯಿಂದ ಆರಂಭವಾಗುತ್ತದೆ.

ಕೌಂಟರಿನಲ್ಲಿ ಮೊದಲ ಪ್ರಶ್ನೆ: "ಪರ್ಮಿಟ್ ಎಲ್ಲಿ?" ಆಂಬುಲೆನ್ಸಿಗಾಗಿಯೇ ಬಳಸುವ ಗಾಡಿಗೆ ಪರ್ಮಿಟ್ ಬೇಡ ಎಂದು ಮೋಟಾರು ವಾಹನ ಕಾಯ್ದೆಯ 66(3) ಹೇಳುತ್ತದೆ. ಸರಿ, ಹಾಗಾದರೆ ಪರ್ಮಿಟ್ ಬೇಡ ಎಂದು ಒಂದು ಪತ್ರ ಬರೆದುಕೊಡಿ! ಎರಡನೆಯದು ವೇಗ ನಿಯಂತ್ರಕದ ಸರ್ಟಿಫಿಕೇಟು. ಕೇಂದ್ರ ಮೋಟಾರು ವಾಹನ ನಿಯಮ 118 ಅಗ್ನಿಶಾಮಕ ವಾಹನ, ಪೊಲೀಸ್ ವಾಹನಗಳ ಜತೆ ಆಂಬುಲೆನ್ಸಿಗೂ ಇದರಿಂದ ವಿನಾಯಿತಿ ಕೊಟ್ಟಿದೆ. ಹೃದಯ ನಿಲ್ಲುತ್ತಿರುವವನನ್ನು ಹೊತ್ತ ಗಾಡಿ ನಿಧಾನಕ್ಕೆ ಹೋಗಲಿ ಎಂದು ಬಯಸುವಷ್ಟು ಕಠೋರರು ದೆಹಲಿಯಲ್ಲಿ ಇರಲಿಲ್ಲ. ಆದರೆ ವಿನಾಯಿತಿ ಇರುವುದು ಗೆಜೆಟ್ಟಿನಲ್ಲಿ, ಬೇಕಾದ ಕಾಗದಗಳ ಪಟ್ಟಿ ಇರುವುದು ಮೇಜಿನ ಗಾಜಿನಡಿ. ಗಾಜಿನಡಿಯದೇ ಮೇಲು. ಮೂರನೆಯದು ಚಾಲಕನ ಬ್ಯಾಡ್ಜ್, ಅಂದರೆ ಸಾರಿಗೆ ವಾಹನ ಓಡಿಸಲು ಬೇರೆಯಾಗಿ ಕೇಳುವ ಅನುಮತಿ. ಲಘು ವಾಹನದ ಲೈಸೆನ್ಸಿದ್ದವರು 7,500 ಕಿಲೋವರೆಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2024ರ ನವೆಂಬರಿನಲ್ಲಿ ಹೇಳಿದರು. ಆ ಐವರೂ ಈ ಕೌಂಟರಿಗೆ ಬಂದು ನಿಂತಿಲ್ಲವಲ್ಲ, ಪಾಪ.

ಇನ್ನು ಮೈದಾನ. ಬ್ರೇಕ್ ಇನ್‌ಸ್ಪೆಕ್ಟರು ಬರುವವರೆಗೆ ಮಾಡಿಕೊಳ್ಳಬೇಕಾದ ಕೆಲಸ: ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಲ್ಲಿ ಉಜ್ಜಿ ಅಚ್ಚು ತೆಗೆಯುವುದು. ನಂಬರಿನ ಮೇಲೆ ತುಕ್ಕೋ ಪೇಂಟೋ ಕೂತಿದ್ದರೆ ಅಂದಿನ ಕಥೆ ಮುಗಿಯಿತು, ಹಿಂದಿನ ದಿನವೇ ಸೀಮೆಎಣ್ಣೆ ಹಚ್ಚಿ ಒರೆಸಿಡಿ. ಹೊಳೆಯುವ ಟೇಪು ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ರೋಗಿ ಇಳಿದ ಮೇಲೆ ಪ್ರತಿಸಲ ಬ್ಲೀಚಿಂಗ್ ದ್ರಾವಣದಲ್ಲಿ ತೊಳೆಯುವ ಗಾಡಿಯಲ್ಲಿ ಟೇಪಿನ ಅಂಚು ಬೇಗ ಏಳುತ್ತದೆ. ಎದ್ದ ಅಂಚನ್ನು ಅಂಟಿಸಿದರೆ ಸಾಲದು. ಟೇಪು ಮಾರಿದವನ ಸರ್ಟಿಫಿಕೇಟು ಬೇಕು. ಅದಿದ್ದರೆ ಟೇಪಿನ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಹೆಡ್‌ಲೈಟು, ವೈಪರು, ಇಂಡಿಕೇಟರು, ಹಾರನ್ನು ಎಲ್ಲ ಆದ ಮೇಲೆ ಕೊನೆಯ ಪ್ರಶ್ನೆ. "ಫಸ್ಟ್ ಏಡ್ ಬಾಕ್ಸ್ ಇದೆಯಾ?"

ಸ್ಟ್ರೆಚರು, ಗಂಟಲಿನ ಕಫ ಹೀರುವ ಸಕ್ಷನ್ ಯಂತ್ರ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗು, ಕುತ್ತಿಗೆ ಪಟ್ಟಿ, ಹಲಗೆ, ಮೂರು ಕಪಾಟಿನ ತುಂಬ ಗಾಜ್ ಬಟ್ಟೆ-ಹತ್ತಿ-ಬ್ಯಾಂಡೇಜು. ಇವೆಲ್ಲದರ ನಡುವೆ ನಿಂತು ಕೇಳುವ ಪ್ರಶ್ನೆ ಇದು. ಇವುಗಳಲ್ಲಿ ಯಾವುದೂ ಬಾಕ್ಸ್ ಅಲ್ಲ. ಎದುರಿನ ಅಂಗಡಿಯಲ್ಲಿ ಕೆಂಪು ಪ್ಲಸ್ ಗುರುತಿನ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಒಳಗೆ ಒಂದು ಅಯೊಡಿನ್ ಬಾಟಲಿ, ನಾಲ್ಕು ಪ್ಲಾಸ್ಟರು. ತಂದಿಟ್ಟರೆ ಆಂಬುಲೆನ್ಸ್ ಪಾಸು.

ಯಾರೂ ಕೇಳದ ಸಂಗತಿಗಳೂ ಇವೆ. ಕಪ್ಪು ಮೈ, ಬಿಳಿ ಹೆಗಲಿನ ಆ ಬಿ-ಟೈಪ್ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1,500 ಲೀಟರ್ ಆಮ್ಲಜನಕ. ನಿಮಿಷಕ್ಕೆ 10 ಲೀಟರಿನಂತೆ ಮಾಸ್ಕಿಗೆ ಬಿಟ್ಟರೆ ಎರಡೂವರೆ ಗಂಟೆ. ಮುಳ್ಳು ಅರ್ಧಕ್ಕಿಳಿದಿದ್ದರೆ ಒಂದೂಕಾಲು ಗಂಟೆ. ಘಟ್ಟ ಇಳಿದು ಮಂಗಳೂರು ಮುಟ್ಟುವುದು ಅನುಮಾನ. ಸಿಲಿಂಡರಿನ ಒತ್ತಡ ಪರೀಕ್ಷೆಯ ತಾರೀಕು ಅದರ ಹೆಗಲ ಮೇಲೇ ಕೊರೆದಿರುತ್ತದೆ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಇದ್ದರೆ ಅದರ ಪ್ಯಾಡಿಗೆ ಅವಧಿಯಿದೆ. ಅಂಟು ಒಣಗಿದರೆ ಎದೆಗೆ ಹಿಡಿಯದು. ಸಕ್ಷನ್ ಯಂತ್ರದ ಬ್ಯಾಟರಿ ಸತ್ತಿದೆಯೇ, ಸ್ಟ್ರೆಚರಿನ ಲಾಕು ತಿರುವಿನಲ್ಲಿ ನಿಲ್ಲುತ್ತದೆಯೇ? ಎಐಎಸ್-125 ಎಂಬ ಮಾನದಂಡ ಆಂಬುಲೆನ್ಸುಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿದೆ. ಬಿ ಎಂದರೆ ರೋಗಿಯನ್ನು ಬರೀ ಸಾಗಿಸುವ ಗಾಡಿ, ಡಿ ಎಂದರೆ ಪೂರ್ಣ ಜೀವರಕ್ಷಕ. ಮೈದಾನದಲ್ಲಿ ಎರಡಕ್ಕೂ ಒಂದೇ ಹಾರನ್ ಪರೀಕ್ಷೆ. ಖಾಲಿ ಸಿಲಿಂಡರಿನ ಗಾಡಿ ಹೊಸ ಟೇಪಿನೊಂದಿಗೆ ಪಾಸಾಗುತ್ತದೆ, ತುಂಬಿದ ಸಿಲಿಂಡರಿನ ಗಾಡಿ ವೈಪರ್ ಬ್ಲೇಡಿಗಾಗಿ ವಾಪಸು ಬರುತ್ತದೆ.

ಪತ್ರ ಕೈಗೆ ಬಂತೆಂದು ಸಂಘದವರು ಸಿಹಿ ಹಂಚಬೇಕಿಲ್ಲ. ವಿಮೆಯ ತಾರೀಕು ಬೇರೆ, ಹೊಗೆ ತಪಾಸಣೆಯದು ಬೇರೆ. ಹೊಗೆ ಪತ್ರದ ಅವಧಿ ಮುಗಿದಿದ್ದರೆ ವಿಮೆ ಮಾಡುವವರು ತಕರಾರು ತೆಗೆಯಬಹುದು, ವಿಮೆ ಮುಗಿದಿದ್ದರೆ ಎಫ್‌ಸಿ ಅರ್ಜಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಮೊದಲು ಹೊಗೆ, ಆಮೇಲೆ ವಿಮೆ, ಕೊನೆಗೆ ಎಫ್‌ಸಿ, ಇದೇ ಕ್ರಮ. ಒಟಿಪಿ ನಂಬರು ಊರು ಬಿಟ್ಟು ಹೋಗದವರದ್ದಿರಲಿ. 66(3) ಮತ್ತು ನಿಯಮ 118ರ ಜೆರಾಕ್ಸನ್ನು ನಾಲ್ಕು ಪ್ರತಿ ಮಾಡಿಸಿಡಿ. ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇಕಾದಷ್ಟು ಜಾಗವಿದೆ.