ಕೆಟ್ಟ ಸುದ್ದಿ ಎಷ್ಟು ಬೇಗ ನಿಮ್ಮ ಮೇಜಿಗೆ ಬರುತ್ತದೆ?

ಹೊಸದಾಗಿ ಪ್ರಾಜೆಕ್ಟ್ ಮ್ಯಾನೇಜರ್ ಆದವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ತಂಡವನ್ನು ಹುರಿದುಂಬಿಸುವುದು ಹೇಗೆ? ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ತಂತ್ರಾಂಶ ಬರೆಯುವ ತಂಡಗಳಲ್ಲಿ ಹದಿನೇಳು ವರ್ಷ ಕಳೆದಿರುವ, ಅದರಲ್ಲಿ ಹನ್ನೊಂದು ವರ್ಷ ತಂಡ ನಡೆಸುವ ಹೊಣೆ ಹೊತ್ತಿರುವ ನನಗೆ ಈಚೆಗೆ ಆ ಪ್ರಶ್ನೆಯೇ ತಪ್ಪು ಕಡೆಯಿಂದ ಶುರುವಾಗುತ್ತಿದೆ ಎನಿಸುತ್ತದೆ. ಕೆಲಸಕ್ಕೆ ಸೇರುವ ದಿನ ಯಾರೂ ಹುರುಪಿಲ್ಲದೆ ಬರುವುದಿಲ್ಲ. ಊರಿನಿಂದ ಬೆಳಗಿನ ಬಸ್ಸಿಗೆ ಬಂದಿಳಿದು, ಪಿಜಿಯಲ್ಲಿ ಬ್ಯಾಗು ಇಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುವ ಹುಡುಗ ಹುಡುಗಿಯರ ಕಣ್ಣಿನಲ್ಲಿ ಇರುವಷ್ಟು ಹುರುಪನ್ನು ಯಾವ ಮ್ಯಾನೇಜರನೂ ತನ್ನ ಮಾತಿನಿಂದ ತುಂಬಲಾರ. ಅದು ಆರಿಹೋಗುವುದು ನಮ್ಮ ಕೈಕೆಳಗೆ, ಆರು ತಿಂಗಳೋ ವರ್ಷವೋ ಕಳೆಯುವ ಹೊತ್ತಿಗೆ. ಆರಿಸುತ್ತಿರುವುದು ಯಾವುದು ಎಂದು ಹುಡುಕುತ್ತಾ ಹೋದಾಗ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು, ಕೆಟ್ಟ ಸುದ್ದಿ ಹೊತ್ತು ಬಂದವರನ್ನು ನಾವು ನಡೆಸಿಕೊಳ್ಳುವ ರೀತಿ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಪ್ಯಾಕಿಂಗ್ ಘಟಕಕ್ಕೆ ನಿಯಂತ್ರಣ ವ್ಯವಸ್ಥೆ ಮಾಡಿಕೊಡುವ ಕೆಲಸ ನನ್ನ ತಂಡಕ್ಕೆ ಬಂದಿತ್ತು. ಪ್ರತಿ ಶುಕ್ರವಾರದ ಸ್ಟೇಟಸ್ ರಿಪೋರ್ಟಿನಲ್ಲಿ ಹದಿನಾಲ್ಕು ಸಾಲು, ಹದಿನಾಲ್ಕೂ ಹಸಿರು, ಅಂದರೆ ಎಲ್ಲವೂ ಸರಿಯಾಗಿದೆ. ಹಸ್ತಾಂತರಕ್ಕೆ ಹತ್ತು ದಿನ ಉಳಿದಿರುವಾಗ, ಯಂತ್ರ ಪೂರ್ಣ ವೇಗದಲ್ಲಿ ಓಡಿದರೆ ಮೋಟಾರಿಗೆ ಹೋಗಬೇಕಾದ ಸಂದೇಶಗಳು ನಡುವೆಯೇ ಕಳೆದುಹೋಗುತ್ತವೆ ಎಂಬುದು ಬೆಳಕಿಗೆ ಬಂತು. ಸಣ್ಣ ದೋಷವಲ್ಲ, ಆ ಭಾಗದ ವಿನ್ಯಾಸವನ್ನೇ ಬದಲಿಸಬೇಕಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಕಂಗೆಡಿಸಿದ್ದು, ಆ ಭಾಗವನ್ನು ಪರೀಕ್ಷಿಸುತ್ತಿದ್ದ ಹುಡುಗಿಗೆ ಈ ವಿಷಯ ಐದು ವಾರಗಳ ಹಿಂದೆಯೇ ಗೊತ್ತಿತ್ತು ಎಂಬ ಸಂಗತಿ. ಏಕೆ ಹೇಳಲಿಲ್ಲ ಎಂದು ಕೇಳಿದೆ. ಆಕೆ ಅಳಲಿಲ್ಲ, ಸಬೂಬು ಹೇಳಲಿಲ್ಲ. ಮಾರ್ಚ್ ತಿಂಗಳಲ್ಲಿ ಅವಳ ಸಹೋದ್ಯೋಗಿಯೊಬ್ಬ ಇಂಥದೇ ತೊಂದರೆ ತಂದಾಗ ನಾನು ಅವನನ್ನು ಎಲ್ಲರೆದುರು ಇಪ್ಪತ್ತು ನಿಮಿಷ ನಿಲ್ಲಿಸಿ ಪ್ರಶ್ನೆ ಮಾಡಿದ್ದೆನೆಂದೂ, ಅಂದಿನಿಂದ ಪೂರ್ತಿ ಪರಿಹಾರ ಕೈಯಲ್ಲಿಲ್ಲದೆ ಯಾರೂ ನನ್ನ ಬಳಿ ಬರಬಾರದೆಂದು ತಂಡದವರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರೆಂದೂ ತಿಳಿಸಿದಳು. ಆ ಮಾರ್ಚಿನ ದಿನ ನನಗೆ ನೆನಪೇ ಇರಲಿಲ್ಲ. ಅವರಲ್ಲಿ ಒಬ್ಬರೂ ಅದನ್ನು ಮರೆತಿರಲಿಲ್ಲ.

ಆ ಬೇಸಿಗೆಯಲ್ಲಿ ನಾನು ದಿನಾ ಮೆಟ್ರೋದಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ ದಾಟಿ ಕೆಲಸಕ್ಕೆ ಹೋಗುತ್ತಿದ್ದೆ. ಕಾರ್ಖಾನೆಗಳ ತಗಡಿನ ಮಾಡುಗಳನ್ನು ಮೇಲಿನಿಂದ ನೋಡುತ್ತಿದ್ದಾಗ, ಇದೇ ಪೀಣ್ಯದ ಶೆಡ್ಡುಗಳಲ್ಲಿ ನಮ್ಮ ಮೊದಲ ಉಪಗ್ರಹ ತಯಾರಾದದ್ದು ನೆನಪಾಗುತ್ತಿತ್ತು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ, ಅಲ್ಲಿಯವರೆಗೆ ಉಪಗ್ರಹವನ್ನೇ ಕಟ್ಟಿರದ ಯುವಕರ ತಂಡವೊಂದು 360 ಕಿಲೋಗ್ರಾಂ ತೂಕದ ಆರ್ಯಭಟವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಕಕ್ಷೆಗೆ ಒಯ್ದಿತು. ಬೆಂಗಳೂರಿನಲ್ಲಿ ಸಂಕೇತ ಸ್ವೀಕರಿಸುವ ಕೇಂದ್ರಕ್ಕೆ ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಅದಕ್ಕಾಗಿ ಬದಲಾಯಿಸಿಕೊಂಡ ಕಥೆಯನ್ನು ಬಹಳ ಮಂದಿ ಹೇಳುತ್ತಾರೆ. ಐದನೆಯ ದಿನಕ್ಕೆ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡು ಅದರೊಳಗಿನ ವಿಜ್ಞಾನ ಪ್ರಯೋಗಗಳು ನಿಂತುಹೋದುದನ್ನು ಹೇಳುವವರು ಕಡಿಮೆ. ಆದರೆ ತಂಡ ನಡೆಸುವವರಿಗೆ ಬೇಕಾದದ್ದು ಈ ಎರಡನೆಯ ಸಂಗತಿ. ಪ್ರಯೋಗಗಳು ನಿಂತವು, ತಂಡ ಒಡೆಯಲಿಲ್ಲ. ನಾಲ್ಕು ವರ್ಷಗಳ ನಂತರ, 1979ರ ಜೂನ್‌ನಲ್ಲಿ, ಭಾಸ್ಕರ ಉಪಗ್ರಹ ಮೇಲೇರಿತು.

ಅದೇ 1979ರ ಆಗಸ್ಟ್ 10ರಂದು ನಡೆದದ್ದನ್ನು ಎಲ್ಲರೂ ಬಲ್ಲರು ಎಂದುಕೊಂಡೇ ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ಅದನ್ನು ಉದ್ಧರಿಸುವವರು ಸಾಮಾನ್ಯವಾಗಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ಟು ಸುಮಾರು ಐದು ನಿಮಿಷಗಳ ನಂತರ ಬಂಗಾಳ ಕೊಲ್ಲಿಗೆ ಬಿತ್ತು. ಉಡಾವಣೆಗೆ ಮುನ್ನ ಕಂಪ್ಯೂಟರು ತಡೆ ಒಡ್ಡಿತ್ತೆಂದೂ, ತಜ್ಞರ ಭರವಸೆಯ ಮೇಲೆ ಅದನ್ನು ಬದಿಗಿಟ್ಟು ಮುಂದುವರಿಯುವ ತೀರ್ಮಾನ ತನ್ನದೇ ಆಗಿತ್ತೆಂದೂ ಆ ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅವರೇ ಮುಂದೆ ಹಲವು ಸಭೆಗಳಲ್ಲಿ ಹೇಳಿಕೊಂಡರು. ಅಂದರೆ ಬೊಟ್ಟು ಮಾಡಿ ತೋರಿಸಲು ಒಬ್ಬ ಮನುಷ್ಯ ಸಿದ್ಧವಾಗಿಯೇ ಇದ್ದ. ಇಸ್ರೋ ಅಧ್ಯಕ್ಷ ಸತೀಶ್ ಧವನ್ ಆತನನ್ನು ಪತ್ರಕರ್ತರ ಮುಂದೆ ನಿಲ್ಲಿಸಲಿಲ್ಲ. ತಾವೇ ಎದುರು ನಿಂತು ಸೋಲಿನ ಹೊಣೆ ಹೊತ್ತು, ತಂಡದ ಮೇಲೆ ನಂಬಿಕೆಯಿದೆ ಎಂದರು. 1980ರ ಜುಲೈ 18ರಂದು ಅದೇ ತಂಡ 35 ಕಿಲೋಗ್ರಾಂ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿ ನಡೆಸಲು ಕಲಾಂ ಅವರನ್ನು ಕಳಿಸಿದರು. ನಾಯಕತ್ವದ ಕುರಿತ ತರಬೇತಿಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ.

ನನಗೆ ಮುಖ್ಯವಾಗಿ ಕಾಣುವುದು ಆ ಎರಡು ದಿನಾಂಕಗಳ ನಡುವಿನ ಹನ್ನೊಂದು ತಿಂಗಳು. ರಾಕೆಟ್ಟನ್ನು ಬೀಳಿಸಿದ್ದು ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿದ್ದ ಒಂದು ಕವಾಟ. ಅದರ ಮೂಲಕ ಆಕ್ಸಿಕಾರಕ, ಅಂದರೆ ಇಂಧನ ಉರಿಯಲು ಬೇಕಾದ ದ್ರವ, ಸೋರಿಹೋಗಿ ದಿಕ್ಕು ತಿದ್ದುವ ಶಕ್ತಿಯೇ ಇಲ್ಲವಾಗಿತ್ತು. ಇಷ್ಟು ನಿಖರವಾದ ಉತ್ತರ ಸಿಗಬೇಕಾದರೆ ಆ ಕವಾಟವನ್ನು ಜೋಡಿಸಿದವರು, ಪರೀಕ್ಷಿಸಿದವರು, ಸೋರಿಕೆಯ ಲೆಕ್ಕ ಹಾಕಿ ಸಾಕು ಎಂದವರು, ಎಲ್ಲರೂ ತಾವು ನೋಡಿದ್ದನ್ನು ಇದ್ದಂತೆಯೇ ಹೇಳಬೇಕು. ತಲೆ ಉರುಳುತ್ತದೆ ಎಂಬ ಭಯವಿರುವ ಕಡೆ ಕವಾಟದ ಹೆಸರು ಹೊರಬರುವುದಿಲ್ಲ. ಬೇರೆಯವರ ಹೆಸರುಗಳಷ್ಟೇ ಬರುತ್ತವೆ. ಧವನ್ ಅಂದು ಹೊರಗಿನ ಬಿಸಿಯನ್ನು ತಮ್ಮ ಮೈಮೇಲೆ ತೆಗೆದುಕೊಂಡದ್ದು ಕೇವಲ ದೊಡ್ಡತನವಲ್ಲ, ಒಳಗಡೆ ನಿಜ ಮಾತಾಡಲು ಜಾಗ ಮಾಡಿಕೊಟ್ಟ ಕೆಲಸ ಎಂದು ನಾನು ನಂಬುತ್ತೇನೆ.

ಒಂದೇ ಸೋಲಾದರೆ ಹೇಗೋ ತಡೆದುಕೊಳ್ಳಬಹುದು. ಮೇಲಿಂದ ಮೇಲೆ ಸೋತರೆ? ರಾವ್ ಅವರು ಇಸ್ರೋ ಅಧ್ಯಕ್ಷರಾಗಿದ್ದ 1984ರಿಂದ 1994ರ ಅವಧಿಯನ್ನು ಈ ಕಣ್ಣಿನಿಂದ ಓದಬೇಕು. ಎಸ್‌ಎಲ್‌ವಿ-3ರ ನಂತರ ಬಂದ ಎಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಾರಾಟ 1987ರ ಮಾರ್ಚ್‌ನಲ್ಲಿ ವಿಫಲವಾಯಿತು: ಪಕ್ಕದ ಬೂಸ್ಟರುಗಳು ಉರಿದು ಮುಗಿದ ಮೇಲೆ ಮುಖ್ಯ ಹಂತ ಹೊತ್ತಿಕೊಳ್ಳಲಿಲ್ಲ. 1988ರ ಜುಲೈ 13ರ ಎರಡನೆಯ ಹಾರಾಟವೂ ವಿಫಲ. ಗಾಳಿಯ ಒತ್ತಡ ಹೆಚ್ಚಿರುವ ಹಂತದಲ್ಲಿ ವಾಹನ ಹಿಡಿತ ತಪ್ಪಿತು. ಅದಕ್ಕೆ ನಾಲ್ಕೇ ತಿಂಗಳ ಹಿಂದೆ, ಬೆಂಗಳೂರಿನಲ್ಲಿ ತಯಾರಾದ ಐಆರ್‌ಎಸ್-1ಎ ದೂರಸಂವೇದಿ ಉಪಗ್ರಹ ಯಶಸ್ವಿಯಾಗಿ ಕಕ್ಷೆ ಸೇರಿ ದೇಶವೆಲ್ಲ ಕೊಂಡಾಡಿತ್ತು. ಒಂದೇ ಸಂಸ್ಥೆಯ ಒಂದು ಮನೆಯಲ್ಲಿ ಹಬ್ಬ, ಇನ್ನೊಂದರಲ್ಲಿ ಸೂತಕ. ಅಂಥ ಹೊತ್ತಿನಲ್ಲಿ ಗೆದ್ದ ತಂಡವನ್ನು ತೋರಿಸಿ ಸೋತ ತಂಡವನ್ನು ಚುಚ್ಚುವುದು ಬಹಳ ಸುಲಭ, ನಮ್ಮ ಅನೇಕ ಕಚೇರಿಗಳಲ್ಲಿ ನಡೆಯುವುದೂ ಅದೇ. ಇಸ್ರೋ ಅವಸರ ಮಾಡದೆ ಸುಮಾರು ನಾಲ್ಕು ವರ್ಷ ತೆಗೆದುಕೊಂಡಿತು, ವಾಹನಕ್ಕೆ ಸ್ಥಿರತೆ ಕೊಡುವ ರೆಕ್ಕೆಗಳನ್ನು ಸೇರಿಸಿತು, 1992ರ ಮೇ 20ರಂದು ಮೂರನೆಯ ಹಾರಾಟದಲ್ಲಿ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿತು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಪಿಎಸ್‌ಎಲ್‌ವಿಯ ಮೊದಲ ಹಾರಾಟ ತಂತ್ರಾಂಶದ ಒಂದು ದೋಷದಿಂದ ಕೈಕೊಟ್ಟಿತು. 1994ರ ಅಕ್ಟೋಬರ್ 15ರಂದು ಗೆದ್ದಿತು. ಚಂದ್ರಯಾನ-1 ಮತ್ತು ಮಂಗಳಯಾನಗಳನ್ನು ಮುಂದೆ ಹೊತ್ತೊಯ್ದದ್ದು ಆ ಪಿಎಸ್‌ಎಲ್‌ವಿಯೇ.

ಬಾಹ್ಯಾಕಾಶದ ಮಾತು ಬೇರೆ, ಅಲ್ಲಿ ದೇಶದ ಹೆಮ್ಮೆಯಿದೆ, ನಾವು ಬರೆಯುವುದು ಬಿಲ್ಲಿಂಗ್ ತಂತ್ರಾಂಶ ಎಂದು ಗೆಳೆಯರು ಆಕ್ಷೇಪಿಸುತ್ತಾರೆ. ಆದರೆ ಪೀಣ್ಯದ ಶೆಡ್ಡಿನಲ್ಲಿ ಬೆಸುಗೆ ಹಾಕುತ್ತಿದ್ದವರ ದಿನದ ಕೆಲಸವೂ ತಂತಿ, ತಿರುಪು, ಪರೀಕ್ಷೆಯ ಪಟ್ಟಿ, ಮತ್ತೆ ಪರೀಕ್ಷೆ. ಹೆಮ್ಮೆ ಎಂಬುದು ವರ್ಷಕ್ಕೊಂದು ಬೆಳಗ್ಗೆ ಬಂದುಹೋಗುವ ಅತಿಥಿ. ಉಳಿದ ದಿನಗಳಲ್ಲಿ ಅವರನ್ನೂ ನಮ್ಮನ್ನೂ ನಡೆಸುವುದು, ನಾನು ಕಂಡ ದೋಷವನ್ನು ಹೇಳಿದರೆ ಕೇಳುವವರಿದ್ದಾರೆ ಎಂಬ ನೆಮ್ಮದಿ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಯಾರನ್ನೂ ದೂಷಿಸದಿದ್ದರೆ ಶಿಸ್ತು ಉಳಿಯುತ್ತದೆಯೇ? ನನ್ನ ಅನುಭವದಲ್ಲಿ, ಯಾರು ಮಾಡಿದ್ದು ಎಂಬ ಪ್ರಶ್ನೆ ಏನಾಯಿತು ಎಂಬ ಪ್ರಶ್ನೆಗಿಂತ ಸಡಿಲವಾದದ್ದು. ಯಾರು ಎಂಬುದಕ್ಕೆ ಒಂದು ಹೆಸರು ಸಿಕ್ಕ ಕೂಡಲೇ ವಿಚಾರಣೆ ಮುಗಿಯುತ್ತದೆ. ಏನಾಯಿತು, ಯಾವ ಹೊತ್ತಿಗೆ, ಅದಕ್ಕೆ ಮುನ್ನ ಯಾವ ಸೂಚನೆ ಇತ್ತು, ಅದನ್ನು ನಾವು ಏಕೆ ಸಣ್ಣದೆಂದುಕೊಂಡೆವು ಎಂದು ಕೇಳುತ್ತಾ ಹೋದರೆ ವಾರಗಟ್ಟಲೆ ಕುಳಿತುಕೊಳ್ಳಬೇಕು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರನ ಮೇಲೆ ಇಳಿಯುತ್ತಿದ್ದ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರಿನ ಸಂಪರ್ಕ ಕಡಿದುಹೋದ ಮೇಲೆ ನಡೆದದ್ದು ಇಂಥ ಶಿಸ್ತಿನ ಕೆಲಸ. ಎಲ್ಲವೂ ಸರಿಯಾಗಿ ನಡೆದರೆ ಹೇಗೆ ಇಳಿಯಬೇಕು ಎಂಬುದರ ಬದಲು ಯಾವುದು ಕೆಟ್ಟರೂ ಹೇಗೆ ಇಳಿಯಬೇಕು ಎಂಬ ಪ್ರಶ್ನೆಯಿಂದ ವಿನ್ಯಾಸ ಮಾಡಿದೆವು ಎಂಬ ಅರ್ಥದಲ್ಲಿ ಚಂದ್ರಯಾನ-3ರ ಹೊತ್ತಿಗೆ ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ವಿವರಿಸಿದ್ದರು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು, ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಒಂದೊಂದು ಬದಲಾವಣೆಯ ಹಿಂದೆಯೂ ಯಾರೋ ಒಬ್ಬರು ಎದ್ದು ನಿಂತು ಇದು ಕೆಡಬಹುದು ಎಂದು ಹೇಳಿದ್ದಿರಲೇಬೇಕು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ನಿಯಂತ್ರಣ ಕೊಠಡಿ ಇದ್ದದ್ದೂ ಪೀಣ್ಯದಲ್ಲೇ.

ನಮ್ಮ ತಂಡದಲ್ಲಿ ನಾನು ಬದಲಿಸಿಕೊಂಡದ್ದು ಕೆಲವೇ ಸಂಗತಿ. ಸ್ಟೇಟಸ್ ರಿಪೋರ್ಟಿನ ಬಣ್ಣಗಳನ್ನು ತೆಗೆದುಹಾಕಿದೆ. ಅದರ ಜಾಗದಲ್ಲಿ ಪ್ರತಿಯೊಬ್ಬರೂ ಈ ವಾರ ತಮ್ಮ ನಿದ್ದೆ ಕೆಡಿಸುತ್ತಿರುವ ಒಂದು ವಿಷಯವನ್ನು ಎರಡು ಸಾಲಿನಲ್ಲಿ ಬರೆಯುತ್ತಾರೆ, ಮೊದಲ ಸಾಲು ನನ್ನದು. ಕೆಟ್ಟ ಸುದ್ದಿ ಬಂದಾಗ ನನ್ನ ಬಾಯಿಂದ ಬರುವ ಮೊದಲ ವಾಕ್ಯ ಪ್ರಶ್ನೆಯಾಗಿರಬಾರದು ಎಂದು ನಿಯಮ ಮಾಡಿಕೊಂಡಿದ್ದೇನೆ, ಏಕೆಂದರೆ ನಾನು ಎಷ್ಟೇ ಮೆತ್ತಗೆ ಕೇಳಿದರೂ ನನ್ನ ಕುರ್ಚಿಯಿಂದ ಹೊರಟ ಪ್ರಶ್ನೆ ಎದುರಿನವರಿಗೆ ತನಿಖೆಯಂತೆಯೇ ಕೇಳುತ್ತದೆ. ಮೊದಲು ಹೇಳುವುದು, ಈಗಲೇ ತಿಳಿಸಿದ್ದು ಒಳ್ಳೆಯದಾಯಿತು ಎಂದು. ಕ್ಲೈಂಟಿಗೆ ವಿಳಂಬದ ಮಾತು ತಿಳಿಸುವ ಫೋನನ್ನು ನಾನೇ ಮಾಡುತ್ತೇನೆ, ಕೆಲಸ ಚೆನ್ನಾಗಿ ಆದದ್ದನ್ನು ತೋರಿಸುವ ಸಭೆಗೆ ಅದನ್ನು ಮಾಡಿದವರನ್ನು ಕಳಿಸುತ್ತೇನೆ. ಇದನ್ನು ಧವನ್ ಅವರಿಂದ ಕಲಿತೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಂಬಳ, ರಜೆ, ಮನೆಗೆ ಹೋಗುವ ಸಮಯ ಇವುಗಳ ಜಾಗವನ್ನು ಯಾವ ನಾಯಕತ್ವವೂ ತುಂಬುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಮೂರು ಭಾನುವಾರ ಸತತವಾಗಿ ಕೆಲಸ ಮಾಡಿಸಿ, ನಾಲ್ಕನೆಯ ವಾರ ರೆಸಾರ್ಟಿಗೆ ಕರೆದೊಯ್ದು ನಾವೆಲ್ಲ ಒಂದು ಕುಟುಂಬ ಎನ್ನುವುದು ನನಗೆ ಅಪ್ರಾಮಾಣಿಕವಾಗಿ ಕಾಣುತ್ತದೆ. ಅಪ್ರೈಸಲ್ ಹೊತ್ತಿನಲ್ಲಿ ಕುಟುಂಬದವರನ್ನು ಯಾರೂ ಅಂಕಗಳಲ್ಲಿ ಅಳೆಯುವುದಿಲ್ಲ.

ಐದು ವಾರ ಸುಮ್ಮನಿದ್ದ ಆ ಹುಡುಗಿ ಈಗ ಆರು ಜನರ ತಂಡವನ್ನು ನಡೆಸುತ್ತಿದ್ದಾಳೆ. ಕಳೆದ ಸೋಮವಾರ ಅವಳ ತಂಡಕ್ಕೆ ಹೊಸದಾಗಿ ಬಂದ ಹುಡುಗ ಸಭೆಯ ಮೊದಲ ಐದು ನಿಮಿಷಗಳೊಳಗೆ, ತಾನು ಹಿಂದಿನ ವಾರ ಮುಗಿಸಿದೆ ಎಂದಿದ್ದ ಭಾಗ ನಿಜವಾಗಿ ಮುಗಿದಿಲ್ಲವೆಂದೂ, ಸಂವೇದಕದ ಓದುಗಳಲ್ಲಿ ತನಗೆ ಅರ್ಥವಾಗದ ಏರಿಳಿತವಿದೆಯೆಂದೂ ಹೇಳಿದ. ಅವನ ಧ್ವನಿ ಸ್ವಲ್ಪ ನಡುಗುತ್ತಿತ್ತು. ಅವಳು ಈಗಲೇ ಹೇಳಿದ್ದು ಒಳ್ಳೆಯದಾಯಿತು ಎಂದು ತನ್ನ ಕುರ್ಚಿಯನ್ನು ಅವನ ಮೇಜಿನ ಬಳಿಗೆ ಎಳೆದುಕೊಂಡು ಕುಳಿತಳು. ನಾನು ಹೊರಗೆ ಬಂದು, ಒಂಬತ್ತು ದಿನ ತಡವಾಗುತ್ತದೆ ಎಂದು ಕ್ಲೈಂಟಿಗೆ ತಿಳಿಸಲು ಫೋನ್ ಮಾಡಿದೆ.