ಶಿಕಾಗೋದ ಹಳೇ ಬಾರಿಗೆ ಹೋದರೆ ಕೌಂಟರಿನಲ್ಲೇ ಕೂತ್ಕೊಳ್ಳಿ

ಊರಿಂದ ಬಂದ ಅಪ್ಪ-ಅಮ್ಮನಿಗೆ ಶಿಕಾಗೋ ಡೌನ್‌ಟೌನಿನಲ್ಲಿ 'ಬೀನ್' ಅನ್ನೋ ಹೊಳೆಯುವ ಉಕ್ಕಿನ ಶಿಲ್ಪ ತೋರಿಸಿ, ಒಂದು ಫೋಟೊ ತೆಗೆದು, ಮನೆಗೆ ವಾಪಸ್. ಬಹಳಷ್ಟು ಜನರ ಕಾರ್ಯಕ್ರಮ ಇಷ್ಟೇ. ಅಲ್ಲೇ ಹತ್ತಿರ ಆಡಮ್ಸ್ ಸ್ಟ್ರೀಟಿನಲ್ಲಿ ಬರ್ಗಾಫ್ ಅನ್ನೋ ಹಳೇ ಬಾರ್-ರೆಸ್ಟೋರೆಂಟ್ ಇದೆ. 1893ರ ವಿಶ್ವ ಮೇಳದಲ್ಲಿ ಬಿಯರ್ ಮಾರಿದ ಜರ್ಮನ್ ವಲಸಿಗ ಹರ್ಮನ್ ಬರ್ಗಾಫ್ 1898ರಲ್ಲಿ ಶುರುಮಾಡಿದ್ದು. ಪಾನನಿಷೇಧದ ಕಾಲದಲ್ಲಿ ಮದ್ಯವಿಲ್ಲದ ರೂಟ್ ಬಿಯರ್ ಮಾರಿಕೊಂಡು ಬದುಕಿತು, 1933ರಲ್ಲಿ ನಿಷೇಧ ಹೋದಾಗ ನಗರದ ಒಂದನೇ ನಂಬರಿನ ಲೈಸೆನ್ಸ್ ಪಡೆಯಿತು. ಬಾರಿನೊಳಗೆ ಹೆಂಗಸರಿಗೆ ಜಾಗ ಸಿಕ್ಕಿದ್ದು ಮಾತ್ರ 1969ರಲ್ಲಿ, ಅದೂ ಪ್ರತಿಭಟನೆ ಮಾಡಿದ ಮೇಲೆ!

ಇಂಥ ಹಳೇ ಜಾಗಗಳಲ್ಲಿ ಟೇಬಲ್ ಬೇಕಿದ್ದರೆ ಬಾಗಿಲ ಹತ್ತಿರ ನಿಂತು ಕಾಯಬೇಕು, ಖಾಲಿ ಇದೆ ಅಂತ ಹೋಗಿ ಕೂರುವಂತಿಲ್ಲ. ಬಾರ್ ಕೌಂಟರಿಗೆ ಸಾಮಾನ್ಯವಾಗಿ ಆ ಕಟ್ಟಳೆ ಇಲ್ಲ. ಇಬ್ಬರೇ ಇದ್ದರೆ ಅಲ್ಲೇ ವಾಸಿ: ಊಟವೂ ಸಿಗುತ್ತೆ, ಬಾರ್‌ಟೆಂಡರ್ ಎದುರಿಗೇ ಇರೋದರಿಂದ ಏನು ಕೇಳೋಕೂ ಸುಲಭ. ಪಾಸ್‌ಪೋರ್ಟ್ ಜೊತೆಗಿರಲಿ. 21 ತುಂಬಿದೆಯಾ ಅಂತ ತಲೆ ನರೆತವರನ್ನೂ ಕೇಳೋದುಂಟು, ಆಧಾರ್ ತೋರಿಸಿದರೆ ನಡೆಯಲ್ಲ.

ಅಳತೆ ಗೊತ್ತಿರಲಿ. ವಿಸ್ಕಿ ಒಂದು ಶಾಟ್ ಅಂದರೆ ಸಾಮಾನ್ಯವಾಗಿ ಒಂದೂವರೆ ಔನ್ಸ್, ಅಂದರೆ 44 ಎಂ.ಎಲ್. ನಮ್ಮ ಸ್ಮಾಲಿಗಿಂತ ಹೆಚ್ಚು, ಲಾರ್ಜಿಗಿಂತ ಕಮ್ಮಿ. ಮಾರ್ಟಿನಿ ಅನ್ನೋ ಕಾಕ್‌ಟೇಲಿನ ಗ್ಲಾಸ್ ನೋಡಿ ಮೋಸ ಹೋಗಬೇಡಿ. ಅದರಲ್ಲಿ ಸೋಡಾ ಇಲ್ಲ, ಜ್ಯೂಸ್ ಇಲ್ಲ. ಎಷ್ಟೋ ಕಡೆ ಒಂದು ಗ್ಲಾಸಿನೊಳಗೆ ಹೆಚ್ಚುಕಮ್ಮಿ ಒಂದು ನೈಂಟಿಯೇ ಇರುತ್ತೆ. ನೆಂಚಿಕೊಳ್ಳೋಕೆ ಕಡ್ಲೆಬೀಜ ತಾನಾಗಿ ಬರುತ್ತೆ ಅಂತ ಕಾಯಬೇಡಿ, ಮೊದಲೇ ಒಂದು ಪ್ರೆಟ್ಜೆಲ್ (ಗಂಟು ಹಾಕಿದಂತಿರೋ ಉಪ್ಪು ಬ್ರೆಡ್) ಹೇಳಿ.

ಸಸ್ಯಾಹಾರಿಗಳು ಬರೀ 'ವೆಜಿಟೇರಿಯನ್' ಅಂದರೆ ಸಾಲದು. ಈರುಳ್ಳಿ ಸೂಪಿಗೆ ಹಾಕೋದು ಹೆಚ್ಚಾಗಿ ದನದ ಮೂಳೆಯ ಸಾರು, ಬಿಸಿ ಜರ್ಮನ್ ಆಲೂ ಸಲಾಡಿನಲ್ಲಿ ಬೇಕನ್ (ಹಂದಿ ಮಾಂಸ), ಸೀಸರ್ ಸಲಾಡಿನ ಡ್ರೆಸಿಂಗಿನಲ್ಲಿ ಮೀನು. ಐಟಂ ಹೆಸರು ಹಿಡಿದೇ ಕೇಳಿ.

ಜನ ಎಡವೋದು ಬಿಲ್ಲಿನಲ್ಲಿ. ಕಾರ್ಡ್ ಕೊಟ್ಟಾಗ 'ಓಪನ್ ಆರ್ ಕ್ಲೋಸ್?' ಅಂತಾರೆ, ಅಂದರೆ ಲೆಕ್ಕ ಮುಂದುವರಿಸೋದಾ, ಈಗಲೇ ಮುಗಿಸೋದಾ ಅಂತ. ಇನ್ನೂ ಕುಡಿಯೋದಿದ್ದರೆ ಓಪನ್. ಆಮೇಲೆ ಕ್ಲೋಸ್ ಮಾಡಿಸದೆ ಎದ್ದು ಬಂದರೆ ಕಾರ್ಡ್ ಅಲ್ಲೇ ಉಳಿಯಬಹುದು, ಟಿಪ್ಪನ್ನೂ ಅವರೇ ಸೇರಿಸಿಕೊಳ್ಳಬಹುದು. ಟ್ಯಾಕ್ಸ್ ಮೆನು ಬೆಲೆಯಲ್ಲಿ ಸೇರಿರಲ್ಲ. ಡೌನ್‌ಟೌನಿನಲ್ಲಿ ಅದೇ ಶೇಕಡಾ 12ರ ಆಸುಪಾಸು. ಟಿಪ್ ಟ್ಯಾಕ್ಸಿಗೆ ಮುಂಚಿನ ಮೊತ್ತದ ಮೇಲೆ ಶೇಕಡಾ 18ರಿಂದ 20. ಅಂದರೆ 40 ಡಾಲರಿನ ಊಟ ಕೊನೆಗೆ 53ರ ಹತ್ತಿರ. ಈ ಪದ್ಧತಿ ನನಗೂ ಇಷ್ಟವಿಲ್ಲ, ಸಂಬಳ ಕೊಡೋದು ಮಾಲೀಕನ ಕೆಲಸ. ಆದರೆ ಆ ಸಿಟ್ಟನ್ನು ತಟ್ಟೆ ತಂದಿಟ್ಟವರ ಮೇಲೆ ತೀರಿಸಬಾರದು. ಆರು ಜನಕ್ಕಿಂತ ಹೆಚ್ಚಿದ್ದರೆ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಮೊದಲೇ ಸೇರಿದೆಯಾ ನೋಡಿ, ನೋಡದಿದ್ದರೆ ಎರಡು ಸಲ ಕೊಟ್ಟು ಬರ್ತೀರಿ.

ಚೀಟಿ ಎರಡು ಬರುತ್ತೆ. ಟಿಪ್, ಒಟ್ಟು ಮೊತ್ತ ಬರೆದು ಸಹಿ ಹಾಕಿದ್ದು ಅಂಗಡಿಯವರದು. ಅದನ್ನು ಜೇಬಿಗಿಳಿಸಿ ಖಾಲಿ ಚೀಟಿ ಬಿಟ್ಟು ಬಂದರೆ ನೀವು ಬರೆದ ಟಿಪ್ ಅವರ ಕೈ ಸೇರಲ್ಲ.